ಹೊಳಪು ನೋಡಿ ತಂದ ಸ್ಪ್ಯಾನರ್ ಸೆಟ್

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ಕೈಪಂಪು. ಆಯುಧಪೂಜೆಯಲ್ಲಿ ಚೆನ್ನಾಗಿ ಕಾಣಲೆಂದು ನನ್ನ ಗಂಡ ಹೊಳೆಯುವ ಸ್ಪ್ಯಾನರ್ ಸೆಟ್ ತಂದರು. ಅದರಲ್ಲಿ ಅವರು ಪಂಪಿನ ನಟ್ಟು ಬಿಗಿಮಾಡಲು ಹೋದರೆ ಸ್ಪ್ಯಾನರಿನ ಬಾಯೇ ಅಗಲವಾಯಿತು, ನಟ್ಟಿನ ಮೂಲೆಗಳು ಸವೆದವು, ನೀರು ನಿಂತಿತು.

ಪಂಪಿನದು, ಸೈಕಲ್ಲಿನದು, ಹೊಲಿಗೆ ಮಿಷಿನ್ನಿನದು, ಮೂರು ಹೊಸ ನಟ್ಟು ಸೆರಗಿಗೆ ಕಟ್ಟಿಕೊಂಡು ನಾನೇ ಅಂಗಡಿಗೆ ಹೋದೆ.

“ನಿಮಗಿದೆಲ್ಲ ಗೊತ್ತಾಗಲ್ಲಮ್ಮ, ಯಜಮಾನ್ರನ್ನ ಕಳ್ಸಿ,” ಅಂದ ಅಂಗಡಿಯವನು.

“ಅವ್ರು ಆರಿಸಿದ್ದೇ ಆ ಹೊಳೆಯೋ ದರಿದ್ರ ಸೆಟ್ ಕಣಯ್ಯಾ!”

ಒಂದೊಂದು ನಟ್ಟನ್ನೂ ಅದರ ಅಳತೆಯ ಸ್ಪ್ಯಾನರಿಗೆ ಸಿಕ್ಕಿಸಿ ಅಲ್ಲಾಡಿಸಿದೆ. ಸಡಿಲ ಇದ್ದ ಸೆಟ್ಟುಗಳನ್ನು ತಳ್ಳಿ, ಕದಲದೆ ಕೂತ ಕಪ್ಪು ಸೆಟ್ ತೆಗೆದುಕೊಂಡೆ.

“ಪೂಜೇಲಿ ಇದು ಚೆನ್ನಾಗಿ ಕಾಣಲ್ಲಮ್ಮ.”

“ನಮಗೆ ನೀರು ಕಾಣ್ಬೇಕು.”

ಸಂಜೆ ನಾನೇ ಪಂಪಿಗೆ ಹೊಸ ನಟ್ಟು ಹಾಕಿ ಬಿಗಿಮಾಡಿದೆ, ನೀರು ಬಂತು. ಕೊಡ ತುಂಬಿಕೊಂಡ ವಠಾರದವರು, “ಒಳ್ಳೇ ಸೆಟ್ ತಂದಿದೀರಾ ಅಣ್ಣ,” ಎಂದು ಗಂಡನನ್ನು ಹೊಗಳಿದರು. ಆ ಮನುಷ್ಯ ಹೂಂ ಅಂದರು!