ಬರಿದಾಗಿ ಹೋದ ಡಬರಿ

ಯುಗಾದಿಗೆ ಬೆಳಗಲೆಂದು ಅಟ್ಟದಿಂದ ದೊಡ್ಡ ಡಬರಿ ಇಳಿಸುವಾಗ ನನ್ನ ಹೆಂಡತಿ ಮಾದೇವಿಗೆ ಮೊದಲ ಸಲ ಉಸಿರು ಸಿಕ್ಕಿಕೊಂಡಿತು. ಸ್ಟೂಲಿನ ಮೇಲೆಯೇ ಕೂತಳು. ವಯಸ್ಸಾಯಿತು ಎಂದು ತಮಾಷೆ ಮಾಡಿದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ತಿಂಗಳುಗಟ್ಟಲೆ ಕೆಮ್ಮಿನ ಔಷಧಿ ಕುಡಿದ ಮೇಲೆ ಚಾಮರಾಜನಗರದಲ್ಲಿ ಸ್ಕ್ಯಾನ್ ಆಯಿತು.

ಫೈಬ್ರೋಸಿಸ್. ಶ್ವಾಸಕೋಶ ಗಟ್ಟಿಯಾಗುತ್ತಿದೆ.

"ವಾಸಿ ಮಾಡೋಕಾಗಲ್ಲ, ನಿಧಾನ ಮಾಡಬಹುದು. ಧೂಳು ಹಿಡಿಯೋ ಸಾಮಾನೆಲ್ಲ ಮನೆಯಿಂದ ತೆಗೀರಿ" ಎಂದರು ಡಾಕ್ಟರ್.

ಬೇಗೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಸಾಮಾನಿಲ್ಲದ ಜಾಗವೆಂದರೆ ನಾನು ಮಲಗುವ ಚಾಪೆಯಷ್ಟೇ. ಹಳೇ ಹಾಸಿಗೆ, ಗೋಣಿಚೀಲ, ನನ್ನ ಟೈಲರಿಂಗ್ ಅಂಗಡಿಯ ತುಂಡುಬಟ್ಟೆ ಒಂದೇ ವಾರದಲ್ಲಿ ಹೋದವು. ಉಳಿದದ್ದು ಅಟ್ಟದ ಪಾತ್ರೆಗಳು. ಎಲ್ಲ ನಮ್ಮ ಮದುವೆಗೆ ಬಂದವು, ಒಂದೊಂದರ ಮೇಲೂ ಕೊಟ್ಟವರ ಹೆಸರು ಕೆತ್ತಿದೆ.

"ಹೆಸ್ರಿರೋ ಪಾತ್ರೆನ ಗುಜ್ರಿಗೆ ಆಕ್ತಾರಾ? ಕೊಟ್ಟೋರ್ಗೇ ಕೊಟ್ಬುಡಿ" ಎಂದಳು ಮಾದೇವಿ. ಅಷ್ಟು ಹೇಳಲು ಮೂರು ಸಲ ನಿಂತಳು.

ಚೀಲ ಹೊತ್ತು ಊರೂರು ಸುತ್ತಿದೆ. ಎಲ್ಲರ ಮನೆಯಲ್ಲೂ ಕೂತು, ಕಾಯಿಲೆಯ ವಿಷಯ ಹೇಳಿ, ಕಾಫಿ ಕುಡಿದು ಬಂದೆ. ಕುದೇರಿನಲ್ಲಿ ಮಾತ್ರ ಅವಳ ಅಕ್ಕ ಪುಟ್ಟತಾಯಿ ಹೊಲಕ್ಕೆ ಹೋಗಿದ್ದಳು. ಕಾಯಿಲೆಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಅವಳು ಕೊಟ್ಟಿದ್ದ ದೊಡ್ಡ ಡಬರಿಯನ್ನು ಜಗಲಿಯ ಮೇಲಿಟ್ಟು ಬಸ್ಸು ಹತ್ತಿದೆ. ನಮ್ಮಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಅಕ್ಕಿಯಾದರೂ ಹಾಕುತ್ತೇವೆ. ಬರಿದಾಗಿ ಕೊಟ್ಟರೆ ಋಣ ತೀರಿತು ಎಂದರ್ಥ. ಅದನ್ನೆಲ್ಲ ಇಷ್ಟು ವರ್ಷ ನೋಡಿಕೊಂಡವಳು ಮಾದೇವಿ. ನನಗೆ ಹೊಳೆಯಲೇ ಇಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಪುಟ್ಟತಾಯಿ ಬಂದಳು. ಕಂಕುಳಲ್ಲಿ ಅದೇ ಡಬರಿ, ಅದರ ತುಂಬ ಅವರೆಕಾಯಿ. ಕಣ್ಣು ಊದಿತ್ತು.

"ಬರೀ ಡಬರಿ ಕಳ್ಸಿದ್ದೀಯಲ್ಲಮ್ಮಿ. ಓಗ್ಬುಡನ ಅಂತ ತೀರ್ಮಾನ ಮಾಡ್ಬುಟ್ಟಾ?"

ಮಾದೇವಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಅಕ್ಕ ಬೆನ್ನು ನೀವಿದಳು.

"ಈ ಮನುಷ್ಯನ್ಗೆ ಗೊತ್ತಾಗ್ನಿಲ್ಲ ಕಣಕ್ಕ. ನಾನೆಲ್ಗೂ ಓಗಲ್ಲ. ಉಸ್ರಾಡಕೆ ವಸಿ ಜಾಗ ಬೇಕು, ಅಷ್ಟೇಯ."

ಪುಟ್ಟತಾಯಿ ಖಾಲಿ ಅಟ್ಟವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವರೆಕಾಯಿ ಸುಲಿಯಲು ಕೂತಳು.

ಈಗ ನಮ್ಮ ಮನೆಯಲ್ಲಿ ಎರಡು ತಟ್ಟೆ, ಎರಡು ಲೋಟ, ಒಂದು ಆಕ್ಸಿಜನ್ ಮೆಷಿನ್. ಮೂರನೆಯವರು ಬಂದರೆ ಬಾಳೆಎಲೆ. ಮಂಚದಿಂದ ಕಿಟಕಿಯವರೆಗೆ ಮಾದೇವಿ ಎಲ್ಲೂ ನಿಲ್ಲದೆ ನಡೆಯುತ್ತಾಳೆ. ಮುಂದಿನದು ಗೊತ್ತಿಲ್ಲ. ಇವತ್ತಿಗೆ ನನಗೆ ಇದು ಸಾಕು.

ಡಬರಿ ಕುದೇರಿನಲ್ಲೇ ಇದೆ. ಹದಿನೈದು ದಿನಕ್ಕೊಮ್ಮೆ ಅಕ್ಕನ ಕಂಕುಳಲ್ಲಿ ಏನಾದರೂ ತುಂಬಿಕೊಂಡು ಬರುತ್ತದೆ. ಹೊರಡುವಾಗ ಅದಕ್ಕೆ ಹಿಡಿ ಅಕ್ಕಿ ಹಾಕುವುದು ನನ್ನ ಕೆಲಸ. ಹಾಕಿದಿರಾ ಎಂದು ಮಾದೇವಿ ಮಂಚದಿಂದಲೇ ಕೇಳುತ್ತಾಳೆ. ಆ ದನಿ ಕೇಳಲೆಂದೇ ನಾನು ಸ್ವಲ್ಪ ತಡ ಮಾಡಿ ಹಾಕುತ್ತೇನೆ.