ಬೇಡ ಎನ್ನುವ ಎರಡಕ್ಷರ

ಚರ್‍ರ್ ಎಂದು ಟೇಪು ಹರಿಯಿತು. ಸಮ್ಮೇಳನಕ್ಕೆ ಬರುವವರಿಗೆ ಕೊಡುವ ಚೀಲಗಳನ್ನು ತುಂಬಿದ ರಟ್ಟಿನ ಪೆಟ್ಟಿಗೆಗಳನ್ನು ಒಬ್ಬ ಮುಚ್ಚಿ ಅಂಟಿಸುತ್ತಿದ್ದ. ಯಾರು ಏನು ಹೇಳಿದರೂ ‘ಆಮೇಲೆ’ ಎನ್ನುತ್ತಿದ್ದುದರಿಂದ ಅವನಿಗೆ ಆಮೇಲಪ್ಪ ಎಂದೇ ಹೆಸರು. ಆ ಒಂದು ಮಾತಿನಿಂದ ಅರ್ಧ ಕೆಲಸ ತಪ್ಪಿಸಿಕೊಳ್ಳುತ್ತಿದ್ದ. ಸಮ್ಮೇಳನ ಸಮಿತಿಯ ಸಭೆ ನಡೆಯುತ್ತಿದ್ದ, ಕಿಟಕಿ ಇಲ್ಲದ ಆ ಕೋಣೆಯಲ್ಲಿ, ಪೆಟ್ಟಿಗೆಗಳ ನಡುವೆ, ಮಡಚುವ ಕುರ್ಚಿಯ ಮೇಲೆ ಅಕ್ಕ ಕೂತಿದ್ದಳು. ಸಭಾಂಗಣಗಳ ಬೀಗದ ಕೈಗಳೆಲ್ಲ ಅವಳ ಕೊರಳಲ್ಲಿ, ಐಡಿ ಕಾರ್ಡಿನ ಟ್ಯಾಗಿಗೇ ಪೋಣಿಸಿಕೊಂಡು ತೂಗುತ್ತಿದ್ದವು.

ಅವಳು ಎಲ್ಲರಿಗೂ ಅಕ್ಕ, ತನಗಿಂತ ಹಿರಿಯರಿಗೂ. ಕೆಲಸ ವಿಮೆ ಕಚೇರಿಯಲ್ಲಿ. ಅಲ್ಲಿಯ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬದುಕಿಸಿಟ್ಟುಕೊಳ್ಳುವುದು. ಅವು ಯಾವ ಕಂಪ್ಯೂಟರ್ ಭಾಷೆಯಲ್ಲಿವೆಯೋ ಆ ಭಾಷೆಯನ್ನು ಬಳಸುವವರೆಲ್ಲ ವರ್ಷಕ್ಕೊಮ್ಮೆ ಸೇರುವ ಸಮ್ಮೇಳನವನ್ನು ಮೊದಲಿಂದಲೂ ನಡೆಸಿಕೊಂಡು ಬಂದವಳು ಅವಳೇ. ಆದರೆ ಒಂದು ಉಪನ್ಯಾಸವನ್ನೂ ಕೂತು ಕೇಳಿದವಳಲ್ಲ. ಬಾಗಿಲಾಚೆ ಚಪ್ಪಾಳೆ ಕೇಳಿಸಿದರೆ, ಇನ್ನು ನೀರಿನ ಬಾಟಲಿ ಒಳಗೆ ಕಳಿಸಬೇಕು ಎಂದು ತಿಳಿಯುತ್ತಿತ್ತು, ಅಷ್ಟೆ.

ಈ ವರ್ಷ ಯಾರಿಗೂ ಹೇಳದೆ ತಾನೂ ಒಂದು ಉಪನ್ಯಾಸ ಕಳಿಸಿದ್ದಳು: ಹಳೆಯ ಪ್ರೋಗ್ರಾಮಿನಿಂದ ಬೇಡವಾದ ಸಾಲುಗಳನ್ನು, ಉಳಿದದ್ದು ಕುಸಿಯದಂತೆ, ತೆಗೆಯುವುದು ಹೇಗೆ. ಹೆಸರು ಮುಚ್ಚಿ ಆರಿಸುವ ಪದ್ಧತಿ. ಆರಿಸಿ ಮುಗಿದ ಮೇಲೆಯೇ ಅದು ಅಕ್ಕನದೆಂದು ಗೊತ್ತಾಯಿತು. ನಾಳೆ ಬೆಳಗ್ಗೆ, ಚಿಕ್ಕ ಸಭಾಂಗಣದಲ್ಲಿ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದ್ದಳು.

“ಅಕ್ಕಾ,” ಎಂದ ಸಮಿತಿಯ ಅಧ್ಯಕ್ಷ. ಮೈಕು ಕೈಗೆ ಸಿಕ್ಕರೆ ಬಿಡದ ಅವನನ್ನು ಬೆನ್ನ ಹಿಂದೆ ಎಲ್ಲರೂ ಮೈಕಾಸುರ ಎನ್ನುತ್ತಿದ್ದರು. “ಚೀಲ ಕೊಟ್ಟ ಕಂಪನಿಯವರು ಬೆಳಗಿನ ಹೊತ್ತೇ ಬೇಕು ಅಂತಿದಾರೆ. ನಿಮ್ಮ ಟಾಕ್ ಮುಂದಿನ ವರ್ಷಕ್ಕೆ ಇಟ್ಕೊಳ್ಳೋಣ. ಅಲ್ಲ, ನೀವೇ ವೇದಿಕೆ ಹತ್ತಿದ್ರೆ ಬಾಗಿಲಲ್ಲಿ ಯಾರಿರ್ತಾರೆ ಹೇಳಿ?”

“ಬಾಗಿಲೇ ಇರುತ್ತಲ್ಲ,” ಎಂದ ಆಮೇಲಪ್ಪ.

“ನೀನು ಸುಮ್ನೆ ಅಂಟಿಸಪ್ಪ. ಯಾರಿಗೂ ಅಭ್ಯಂತರ ಇಲ್ಲ ತಾನೆ?”

ಆ ಪ್ರಶ್ನೆ ಕಲಿಸಿದವಳು ಅಕ್ಕನೇ. ಹಿಂದೆ ಸಭೆಗಳು ಕಾವಲುಗಾರ ಬಂದು ದೀಪ ಆರಿಸುವವರೆಗೂ ಎಳೆದಾಡುತ್ತಿದ್ದಾಗ ಅವಳೇ ನಿಯಮ ತಂದಿದ್ದಳು: ಬೇಡ ಎನ್ನುವವರು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಒಪ್ಪಿದಂತೆ. ಮೌನಂ ಸಮ್ಮತಿಲಕ್ಷಣಂ. ಅಂದಿನಿಂದ ಸಭೆಗಳು ಬೇಗ ಮುಗಿದವು. ಅಂದಿನಿಂದ ಕೆಲಸವೆಲ್ಲ ಸುಮ್ಮನೆ ಕೂತವಳ ಹೆಗಲಿಗೇ ಬಿತ್ತು. ಹುಟ್ಟಿದಾಗಿನಿಂದ ಅವಳ ಗಂಟಲೇ ಹಾಗೆ. ‘ಹೂಂ’ ಜಾರಿಕೊಂಡು ಬರುತ್ತದೆ, ‘ಬೇಡ’ ಅಡ್ಡ ಸಿಕ್ಕಿಕೊಳ್ಳುತ್ತದೆ.

ಬೆಳಗ್ಗೆ ಹಲ್ಲಿನ ಡಾಕ್ಟರಾದ ಗಂಡ ಶೂ ಲೇಸು ಕಟ್ಟುತ್ತ ಹೇಳಿದ್ದ: “ಏನಾದ್ರೂ ನೆಪ ತಂದೇ ತರ್ತಾರೆ, ನೋಡ್ತಿರು. ಬೇಡ ಅನ್ನು. ಎರಡೇ ಅಕ್ಷರ ಕಣೇ. ನನ್ನ ಹತ್ರ ಬರೋರು ಬಾಯ್ತುಂಬ ಹತ್ತಿ ಇಟ್ಕೊಂಡೂ ಬೇಡ ಅಂತಾರೆ. ನಿನ್ನ ಬಾಯಲ್ಲೇನಿದೆ?”

ಮೈಕಾಸುರ ಗಡಿಯಾರ ನೋಡಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತಿತ್ತು. ಅಕ್ಕ ಬೀಗದ ಕೈಗಳನ್ನು ಅಂಗೈಯಲ್ಲಿ ಹಿಸುಕಿದಳು.

“ಬೇಡ.”

ಅದೇ ಹೊತ್ತಿಗೆ ಟೇಪು ಚರ್‍ರ್ ಎಂದಿತು.

“ಬೇಡ್ವಾ ಅಕ್ಕಾ?” ಆಮೇಲಪ್ಪ ಕೈ ತಡೆದ. “ಈ ಪೆಟ್ಟಿಗೆಗೆ ಟೇಪ್ ಬೇಡ್ವಾ?”

“ಹಾಕಪ್ಪ, ಹಾಕು,” ಎಂದಿತು ಅವಳ ಬಾಯಿ, ತನ್ನಷ್ಟಕ್ಕೆ ತಾನೇ.

“ಸರಿ, ಹಾಗಾದ್ರೆ ಅದು ತೀರ್ಮಾನ ಆಯ್ತು.” ಮೈಕಾಸುರನಿಗೆ ನಿರಾಳ. “ಅಕ್ಕಾ, ಬೆಳಗ್ಗೆ ಆ ಕಂಪನಿಯವರಿಗೆ ಚಿಕ್ಕ ಸಭಾಂಗಣ ನೀವೇ ತೆಗೆದುಕೊಡಿ. ಅವರದ್ದೇನೋ ದೊಡ್ಡ ಪರದೆ ಇದೆಯಂತೆ, ಅದಕ್ಕೊಂದು ಮೇಜು, ಒಂದು ಉದ್ದ ವೈರು, ಮತ್ತೆ...”

ಅಕ್ಕ ಎದ್ದಳು. ಕುರ್ಚಿ ಪಟ್ಟನೆ ಮಡಚಿಕೊಂಡು ಬಿತ್ತು. ಪೆಟ್ಟಿಗೆಗಳ ಸಂದಿಯಲ್ಲಿ ಮೈ ಅಡ್ಡ ಮಾಡಿಕೊಂಡು ನಡೆದು ಬಾಗಿಲು ದಾಟಿದಳು.

“ಅಕ್ಕಾ, ನಾನಿನ್ನೂ ಮಾತಾಡ್ತಿದೀನಿ! ಏನಾದ್ರೂ ಹೇಳಿ ಹೋಗಿ. ಸುಮ್ನೆ ಹೋದ್ರೆ ಒಪ್ಪಿದ ಹಾಗೇ, ನಿಮ್ಮದೇ ನಿಯಮ!”

ಅವಳು ತಿರುಗಲಿಲ್ಲ. ಚಿಕ್ಕ ಸಭಾಂಗಣದ ಕಡೆಗೆ ಹೋಗುವ ಉದ್ದನೆಯ ಕಾರಿಡಾರಿನಲ್ಲಿ ಬೀಗದ ಕೈಗಳು ಅವಳ ಎದೆಯ ಮೇಲೆ ಗಲಗಲ ಎನ್ನುತ್ತಿದ್ದವು.

“ಅಕ್ಕಾ, ಬೀಗದ ಕೈ ಆದ್ರೂ ಕೊಟ್ಟು ಹೋಗಿ!”

“ಆಮೇಲೆ,” ಎಂದಳು ಅಕ್ಕ, ನಡೆಯುತ್ತಲೇ.