ಎರಡನೇ ಹಗ್ಗ

ಬೇಲೂರಿನ ಗೆಳೆಯರ ಜೊತೆ ನಾನೊಂದು ಆಟ ಆಡುತ್ತೇನೆ. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಎಲ್ಲರೂ ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ. ಹಿಂದಿನ ಸಲ ನನ್ನ ಪಾತ್ರ ಮೊದಲ ಗಂಟೆಯಲ್ಲೇ ಸತ್ತಿತು. ಉಳಿದ ದಿನವೆಲ್ಲ ಬೇರೆಯವರಿಗೆ ಟೀ ಮಾಡಿಕೊಟ್ಟೆ.

ಈ ಸಲ ಹತ್ತನೇ ಹಂತದ, ಅಂದರೆ ಚೆನ್ನಾಗಿ ಪಳಗಿದ ಯೋಧೆಯಾಗಿ ಸೇರಬೇಕಿತ್ತು. ಅವಳ ಸಾಮಾನು ನಾನೇ ಆರಿಸಬೇಕು. ಅರಸೀಕೆರೆಯಿಂದ ಬಸ್ಸಿನಲ್ಲಿ ಪಟ್ಟಿ ಬರೆಯುತ್ತಾ ಹೊರಟೆ. ಜಾವಗಲ್‌ನಲ್ಲಿ ಹತ್ತಿದ ಅಜ್ಜ ಪಕ್ಕದಲ್ಲಿ ಕೂತು ಅದನ್ನು ಓದಿದರು.

"ಹೊಸ ಕತ್ತಿ, ಹೊಸ ಕವಚ, ಹೊಸ ಗುರಾಣಿ... ನಾಟಕಕ್ಕೇನವ್ವಾ?"

ಆಟವನ್ನು ವಿವರಿಸಿದೆ.

"ಪಳಗಿದೋಳು ಅಂತೀಯ, ಎಲ್ಲಾ ಹೊಸದೇ ಐತಲ್ಲ! ಮದುವೆ ಮನೆಗೆ ಹೊಂಟಂಗೆ ಐತೆ."

ಅವರು ತೆಂಗಿನಕಾಯಿ ಕೀಳುವವರು. ಕಾಲ ಬಳಿಯ ಚೀಲ ಬಿಚ್ಚಿ ತೋರಿಸಿದರು: ಸವೆದ ಮಚ್ಚು, ಮಸೆಯುವ ಕಲ್ಲು, ಎರಡು ಹಗ್ಗ.

"ಎರಡು ಯಾಕೆ ಅಜ್ಜ?"

"ಒಂದು ಮರ ಹತ್ತಕ್ಕೆ. ಇನ್ನೊಂದು, ಅದು ಕಿತ್ತೋದ ದಿನಕ್ಕೆ. ಬಿದ್ದು ಕಲಿತಿದ್ದು ಕಣವ್ವಾ."

ಪಟ್ಟಿಯಲ್ಲಿ ಗುರಾಣಿಯನ್ನು ಹೊಡೆದುಹಾಕಿ ಎರಡು ಹಗ್ಗ ಬರೆದುಕೊಂಡೆ. ಹಳೇಬೀಡಿನಲ್ಲಿ ಇಳಿಯುವಾಗ ಅವರು "ಹುಷಾರು" ಅಂದರು. ನನಗೋ, ಯೋಧೆಗೋ ತಿಳಿಯಲಿಲ್ಲ.

ಅವತ್ತು ಆಟದಲ್ಲಿ ಸೇತುವೆ ಮುರಿಯಿತು. ಮೊದಲ ಹಗ್ಗ ಕಿತ್ತುಹೋಯಿತು. ಎರಡನೆಯದು ನಮ್ಮ ಐದೂ ಜನರನ್ನು ಹಿಡಿದುಕೊಂಡಿತು.

ಅಜ್ಜನ ಹೆಸರು ಕೇಳಿರಲಿಲ್ಲ. ಅದಕ್ಕೆ ಪಟ್ಟಿಯಲ್ಲಿ ಹಗ್ಗದ ಮುಂದೆ 'ಜಾವಗಲ್ ಅಜ್ಜ ಕೊಟ್ಟದ್ದು' ಎಂದು ಬರೆದಿಟ್ಟಿದ್ದೇನೆ. ಟೀ ಮಾತ್ರ ಅವತ್ತೂ ನಾನೇ ಮಾಡಿದೆ. ಬದುಕಿ ಉಳಿದವರು ಟೀ ಮಾಡಬಾರದು ಅನ್ನುವ ನಿಯಮ ಆಟದಲ್ಲಿಲ್ಲವಂತೆ.